ಡಾಕ್ಟರ ಸೊಂಟಕ್ಕೆ ನನ್ನ ಸ್ವೆಟರ್

ಬೇಸಿಗೆಗೊಂದು ಕ್ಲಬ್ಬು, ಬೇಸಿಗೆಗೊಂದು ಕೋಣೆ: ನನ್ನ ಕ್ರಿಕೆಟ್ ಬದುಕೆಂದರೆ ಇಷ್ಟೇ. ರಾಜ್ಯ ತಂಡದ ಬಾಗಿಲವರೆಗೆ ಹೋಗಿ ಒಳಗೆ ಕಾಲಿಡಲಾಗದ ಆಫ್ ಸ್ಪಿನ್ನರ್ ನಾನು. ತೊಂಬತ್ತರ ದಶಕದ ಕೊನೆಯಲ್ಲಿ ನನ್ನನ್ನು ಲಂಡನ್ನಿಗೆ ಕರೆಸಿಕೊಂಡವರು ಧಾರವಾಡದ ಒಬ್ಬ ಡಾಕ್ಟರು. ಗ್ರೀನ್‌ಫರ್ಡಿನ ಅವರ ಕ್ಲಬ್ಬಿಗೆ ಸಂಬಳದ ಆಟಗಾರನೊಬ್ಬ ಬೇಕಾಗಿತ್ತು. ರಜೆಗೆ ಬಂದಾಗ ಹುಬ್ಬಳ್ಳಿಯಲ್ಲಿ ನನ್ನ ಬೌಲಿಂಗ್ ನೋಡಿದ್ದ ಅವರು ಕಮಿಟಿಯ ಬೆನ್ನುಬಿದ್ದು ಒಪ್ಪಿಸಿದರು. ಇರಿಸಿಕೊಂಡದ್ದೂ ತಮ್ಮ ಮನೆಯಲ್ಲೇ. ಅವರ ಹೆಂಡತಿಯನ್ನು ನಾನು ಅತ್ತಿಗೆಯೆಂಬ ಸಲಿಗೆಯಲ್ಲಿ ವೈನಿ ಎನ್ನುತ್ತಿದ್ದೆ. ಅವರೂ ಆಸ್ಪತ್ರೆಯ ಕೆಲಸ ಮುಗಿಸಿ ಬಂದು ನನಗೂ ರೊಟ್ಟಿ ಬಡಿಯುತ್ತಿದ್ದರು.

ಡಾಕ್ಟರೂ ಆಫ್ ಸ್ಪಿನ್ನರ್ ಎಂದು ಗೊತ್ತಾದದ್ದು ಮೊದಲ ಆಟದ ದಿನ. ಐವತ್ತರ ಹತ್ತಿರದ ಮನುಷ್ಯ, ಆಟವಿರುವ ಶನಿವಾರ ಬಿಡುವಾಗಲೆಂದು ವಾರವೆಲ್ಲ ಬೇರೆಯವರ ಡ್ಯೂಟಿ ಹೊರುತ್ತಿದ್ದರು. ಅಂಥ ಸ್ಪಿನ್ನರ್ ಒಬ್ಬನಿದ್ದರೆ ಸಾಕೆಂದ ಕ್ಯಾಪ್ಟನ್. ಡಾಕ್ಟರು ತಕರಾರಿಲ್ಲದೆ ಅಂಪೈರಿನ ಬಿಳಿ ಕೋಟು ತೊಟ್ಟರು. ಬೌಲ್ ಮಾಡುವವನು ಸ್ವೆಟರ್ ಬಿಚ್ಚಿ ಅಂಪೈರಿಗೆ ಕೊಡುವುದು ರೂಢಿ. ಕೊಟ್ಟೆ. ಅವರು ಅದರ ತೋಳುಗಳನ್ನು ಸೊಂಟಕ್ಕೆ ಕಟ್ಟಿಕೊಂಡು ನಿಂತರು. ಥೂ ನನ್ನ! ಅವರ ಮನೆಯ ರೊಟ್ಟಿ ತಿಂದು ಅವರ ಜಾಗವನ್ನೇ ಕಸಿದುಕೊಂಡಿದ್ದೆ.

ಒಂದು ವಾರವಾದರೂ ಅವರು ಆಡಲಿ ಎಂದು ಕ್ಯಾಪ್ಟನ್ನಿಗೆ ಹೇಳಬಹುದಿತ್ತು. ಮಾತು ನಾಲಿಗೆಯ ತುದಿಗೆ ಬರುವುದು, ನುಂಗಿಕೊಳ್ಳುವುದು. ವಿಕೆಟ್ ಬೀಳುತ್ತಿದ್ದವು ನೋಡಿ, ಬಿಟ್ಟುಕೊಡುವ ಮನಸ್ಸು ಎಲ್ಲಿಂದ ಬರಬೇಕು? ಸಾಲದ್ದಕ್ಕೆ, ಮರುವರ್ಷ ಹೇಸ್‌ನ ಕ್ಲಬ್ಬೊಂದು ಕರೆಯಿತೆಂದು ಹೊರಟೇಬಿಟ್ಟೆ. ಕಿಟ್ ಬ್ಯಾಗನ್ನು ತಮ್ಮ ಕಾರಿನಲ್ಲಿಟ್ಟು ನನ್ನನ್ನು ಹೊಸ ಕೋಣೆಗೆ ಬಿಟ್ಟುಬಂದವರೂ ಡಾಕ್ಟರೇ. ಹೋಗಲಿ, ಇನ್ನಾದರೂ ಅವರ ಜಾಗ ಅವರಿಗೆ ಸಿಗುತ್ತದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ಬೇಸಿಗೆ ಹಳೆಯ ಕ್ಲಬ್ಬಿನ ಮೇಲೆಯೇ ಆಟ ಬಿತ್ತು. ಬೌಲಿಂಗಿಗೆ ಹೋದರೆ ಅಲ್ಲಿ ಅದೇ ಬಿಳಿ ಕೋಟು. ನನ್ನ ಸ್ವೆಟರಿಗಾಗಿ ಡಾಕ್ಟರು ಆಗಲೇ ಕೈ ಚಾಚಿದ್ದರು.

"ಡಾಕ್ಟ್ರ, ನೀವು ಆಡಂಗಿಲ್ಲೇನ್ರಿ?" ಎಂದೆ.

"ನೀ ಹೋದ ಮ್ಯಾಲ ಬೆಳಗಾವಿಯಿಂದ ಇನ್ನೊಬ್ಬ ಹುಡುಗನ್ನ ಕರಿಸೀವಿ. ಛಲೋ ಸ್ಪಿನ್ ಹಾಕ್ತಾನ," ಎಂದರು. "ನೀ ಇದ್ದ ಖೋಲಿಯೊಳಗ ಇದ್ದಾನ."

ಬಿಸಿಲಿಗೆ ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ನಾನು ಸ್ವೆಟರ್ ಬಿಚ್ಚಲಿಲ್ಲ, ಹಾಕಿಕೊಂಡೇ ಬೌಲ್ ಮಾಡಿದೆ. ಡಾಕ್ಟರು ಚಾಚಿದ ಕೈಯನ್ನು ಕೋಟಿನ ಜೇಬಿಗೆ ಇಳಿಸಿಕೊಂಡರು.