ಬೋರಮ್ಮನ ಸಾಲು

ಗಂಗಹನುಮಯ್ಯನವರಿಗೆ ಎಪ್ಪತ್ತೆರಡು. ಊರು ಮಾಗಡಿ ತಾಲ್ಲೂಕಿನ ಕಲ್ಯ, ಕುಲಕಸುಬು ಹೆಳವರದು. ಮೂರು ವರ್ಷಕ್ಕೊಮ್ಮೆ ತಮ್ಮ ಪಾಲಿನ ಮನೆಗಳ ಮುಂದೆ ನಿಂತು, ಆ ಮನೆಯ ಹಿರಿಯರ ಹೆಸರುಗಳನ್ನು ಹತ್ತು ತಲೆಮಾರಿನಿಂದ ಗಟ್ಟಿಯಾಗಿ ಓದಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ಹೋಗುವುದು ಅವರ ಕೆಲಸ. ತಂದೆ ಎತ್ತಿನ ಮೇಲೆ ಬರುತ್ತಿದ್ದರು, ಇವರು ಮೊಪೆಡ್ ಮೇಲೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವರ ವಂಶಾವಳಿ ಪುಸ್ತಕದ ಫೋಟೊ ತೆಗೆಯಲು ನಾನು ಮೊಬೈಲ್ ಎತ್ತಿದಾಗ, "ಇದೇನ್ ಆಧಾರ್ ಕಾರ್ಡಾ? ಒಳೀಕ್ ಮಡೀಕ್ಕವ್ವ" ಎಂದು ಗದರಿದ್ದರು.

ರಾಮನಗರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನಾನು ಅವರಲ್ಲಿಗೆ ಹೋದದ್ದು ನೋರಾಳಿಗಾಗಿ. ನೋರಾ ಆಸ್ಟ್ರೇಲಿಯಾದ ನಿವೃತ್ತ ಶಿಕ್ಷಕಿ. ಅವಳ ಮುತ್ತಾತ ಡೆನಿಸ್ ಬಡತನ ತಾಳಲಾರದೆ ಐರ್ಲೆಂಡ್ ಬಿಟ್ಟು ಹಡಗು ಹತ್ತಿದವನು. ನಮ್ಮ ಕಡೆ ರೈಲುದಾರಿ ಹಾಕುವಾಗ ಮೇಸ್ತ್ರಿಯಾಗಿದ್ದು, ಕೊನೆಗೆ ಸಂಸಾರ ಸಮೇತ ಆಸ್ಟ್ರೇಲಿಯಾ ಸೇರಿದ. ನೋರಾ ಐರ್ಲೆಂಡಿನ ಚರ್ಚುಗಳನ್ನೆಲ್ಲ ಸುತ್ತಿ ಅವನ ಹಿರಿಯರನ್ನು ಪತ್ತೆ ಮಾಡಿದ್ದಳು. ಅವನ ಹೆಂಡತಿಯ ಬಗ್ಗೆ ಮಾತ್ರ ಸಿಕ್ಕಿದ್ದು ಬೆಂಗಳೂರಿನ ಒಂದು ಚರ್ಚಿನ ಮದುವೆ ದಾಖಲೆಯ ಒಂದೇ ಸಾಲು: 1880, ಮೇರಿ, ಹಿಂದಿನ ಹೆಸರು ಬೋರಮ್ಮ, ಹೊಂಗನೂರಿನ ಕೆಂಚೇಗೌಡನ ಮಗಳು.

ಆ ಮನೆ ಗಂಗಹನುಮಯ್ಯನವರ ಪಾಲಿನದೆಂದು ತಿಳಿದು ನೋರಾಳನ್ನು ಅವರಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವರು ಹಳೆಯ ಪುಸ್ತಕ ಬಿಚ್ಚಿ ಬೆರಳಾಡಿಸಿದರು. ಬೋರಮ್ಮ ಸಿಕ್ಕಳು. ಹೆಸರಿನ ಮುಂದೆ, "ದೊಡ್ಡ ಬರದಲ್ಲಿ ಸತ್ತಳು."

ಆ ಬರ ಬಿದ್ದದ್ದು 1877ರಲ್ಲಿ. ಸತ್ತ ಮೂರು ವರ್ಷಕ್ಕೆ ಯಾರಿಗಾದರೂ ಮದುವೆಯಾಗುತ್ತದೆಯೇ? ನಾನು ವರ್ಷ ಎಣಿಸಿ ಹೇಳಿದಾಗ ಅವರು ಆ ಸಾಲಿನ ಮೇಲೆ ಮತ್ತೆ ಬೆರಳಿಟ್ಟರು.

"ಕುಲ ಬುಟ್ಟೋದೋರ್ನ ಸತ್ರು ಅಂತ್ಲೇ ಬರೀತಿದ್ರು ಕಣವ್ವ, ಮನೆ ಮರ್ವಾದೆಗೆ. ನಮ್ ಮುತ್ತಾತನ ಕೈಬರಹ ಇದು. ಎತ್ತು ಈಯ್ತು ಅಂದ್ರೆ ಕೊಟ್ಟಿಗ್ಗೆ ಕಟ್ಟು ಅಂದಂಗೆ, ಐವತ್ತು ವರ್ಸ ನಾನೂ ಅದ್ನೇ ಓದ್ದೆ. ಬದುಕಿದ್ದೋಳ್ನ ಎಷ್ಟ್ ಸಲ ಸಾಯಿಸ್ದೆ ನೋಡು."

ಅವರಿಗೆ ನಾಚಿಕೆಯಾಗಿತ್ತು. ನನಗೂ ಆಯಿತು, ಏಕೆಂದರೆ ನೋರಾ ಪಕ್ಕದಲ್ಲೇ ಕುಳಿತು ನಾನು ಏನು ಹೇಳುತ್ತೇನೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು.

ತಿದ್ದುವುದು ಅವರ ಕೈಯಲ್ಲಿರಲಿಲ್ಲ. ಆ ಮನೆಯವರು ದವಸ ಕೊಡಬೇಕು, ಮನೆಯ ಯಜಮಾನರು ಬಾಯಿಬಿಟ್ಟು ಹೆಸರು ಹೇಳಬೇಕು. ಆಗಷ್ಟೇ ಹೆಳವ ಹೊಸ ಸಾಲು ಬರೆಯಬಹುದು. ಮನೆಯವರು ಒಪ್ಪದಿದ್ದರೆ ಬೋರಮ್ಮ ಸತ್ತವಳಾಗಿಯೇ ಉಳಿಯುತ್ತಿದ್ದಳು.

ಮಾರನೆಯ ಬೆಳಿಗ್ಗೆ ಹೊಂಗನೂರಿಗೆ ಹೋದೆವು. ಕೆಂಚೇಗೌಡನ ವಂಶದ ಬೋರಲಿಂಗಯ್ಯ ರೇಷ್ಮೆಹುಳುವಿನ ಮನೆಗೆ ಹಿಪ್ಪುನೇರಳೆ ಸೊಪ್ಪು ಹೊರುತ್ತಿದ್ದವರು ಹೊರೆ ಇಳಿಸಿ ನಿಂತರು. ಗಂಗಹನುಮಯ್ಯ ಅಂಗಳದಲ್ಲಿ ನಿಂತು ಓದುತ್ತಾ ಬಂದು, ಬೋರಮ್ಮನ ಹತ್ತಿರ ತಡೆದು, ನಡೆದದ್ದನ್ನೆಲ್ಲ ಹೇಳಿದರು.

"ಈಗ್ಯಾಕ್ ಗಂಗಣ್ಣ ಅದೆಲ್ಲ?" ಎಂದರು ಬೋರಲಿಂಗಯ್ಯ. "ಜಾತಿ ಬುಟ್ಟೋದೋಳ್ನ ಬರುಸ್ಕೊಂಡ್ರೆ ನಾಳೆ ನೆಂಟ್ರು ಏನಂತಾರೆ? ಇದ್ದಂಗೇ ಓದು, ದವಸ ತಕೊಂಡ್ ಹೋಗು."

"ಇದ್ದಂಗೆ ಓದಾಕೆ ಇನ್ನು ನನ್ ಬಾಯ್ ಬರಾಕಿಲ್ಲ ಗೌಡ್ರೇ. ದವಸ ಬ್ಯಾಡ." ಅವರು ಪುಸ್ತಕ ಮುಚ್ಚಿ ಬಟ್ಟೆ ಸುತ್ತತೊಡಗಿದರು. ಮುತ್ತಾತನ ಕಾಲದಿಂದ ಬಂದ ಮನೆಯೊಂದನ್ನು ಅವರು ಬಿಡುತ್ತಿದ್ದರು.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಬೋರಲಿಂಗಯ್ಯನ ಹೆಂಡತಿ ವೆಂಕಟಲಕ್ಷ್ಮಮ್ಮ ಒಳಗೆ ಹೋಗಿ ಮೊರದ ತುಂಬ ರಾಗಿ ತಂದರು. ಹೆಳವರ ಚೀಲಕ್ಕೆ ಸುರಿಯಲಿಲ್ಲ. ನೇರವಾಗಿ ನೋರಾಳ ಬಳಿ ಬಂದು ಮೊರವನ್ನು ಅವಳ ಕೈಗೆ ಕೊಟ್ಟರು.

"ಇವ್ಳೂ ಈ ಮನೆ ಹೆಣ್ಣೇ ಅಲ್ವಾ, ಇವ್ಳೇ ಹಾಕ್ಲಿ" ಎಂದರು ಗಂಡನ ಕಡೆ ತಿರುಗದೆ.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ನೋರಾ ಸುರಿದಳು, ಅರ್ಧ ನೆಲಕ್ಕೇ ಬಿತ್ತು. ವೆಂಕಟಲಕ್ಷ್ಮಮ್ಮ ಬಗ್ಗಿ ಬಳಿದು ಚೀಲಕ್ಕೆ ಹಾಕಿದರು. ಗಂಗಹನುಮಯ್ಯ ಕುಳಿತು, ಪುಸ್ತಕ ಬಿಚ್ಚಿ, ಪೆನ್ನು ಹಿಡಿದು, ತಲೆಯೆತ್ತಿ ಕಾದರು. ಹೆಸರು ಹೇಳಬೇಕಾದವರು ಒಬ್ಬರೇ.

ಬೋರಲಿಂಗಯ್ಯ ನೋರಾಳ ಮುಖ ನೋಡಿದರು, ನೆಲ ನೋಡಿದರು, ಹೆಗಲ ಟವಲ್ ತೆಗೆದು ಕೈಗೆ ಸುತ್ತಿಕೊಂಡರು.

"ಬೋರಮ್ಮ" ಎಂದರು ಕೊನೆಗೆ. "ನಮ್ಮನೆ ಹೆಣ್ಮಗ. ಬರ್ಕೊ."