ಆಪಾ ಹಾಕಿದ ಹೊಲಿಗೆ

ಮೊನ್ನೆ ಸೊಸೆ ಟ್ರಂಕಿನ ತಳದಿಂದ ಹಳೆಯ ಕೌದಿಯೊಂದನ್ನು ಎಳೆದು ತಂದು ಅಂಗಳದ ಬಿಸಿಲಿಗೆ ಹಾಕಿದಳು. ಮೊದಲು ಮುಗ್ಗು ವಾಸನೆ ಬಂತು, ಆಮೇಲೆ ಬೇವಿನೆಲೆಯದು. ಬಿಸಿಲು ಏರಿದ ಮೇಲೆ ಮೇಣದ ವಾಸನೆ ಬಂತು. ನಾನು ಕೈಯಲ್ಲಿದ್ದ ಮೊರ ಕೆಳಗಿಟ್ಟೆ. ದಾರಕ್ಕೆ ಮೇಣ ತಿಕ್ಕಿ ಕೌದಿ ಹೊಲಿಯುತ್ತಿದ್ದವಳು ನಮ್ಮ ಓಣಿಯಲ್ಲಿ ಒಬ್ಬಳೇ. ಪಕ್ಕದ ಮನೆಯ ಆಪಾ.

ಆಕೆಗೆ ಹೆಸರು ಬೇರೆ ಇತ್ತು. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಎಲ್ಲ ಜಾತಿಯವರೂ ಅಕ್ಕ ಎನ್ನುವ ಹಾಗೆ ಆಪಾ ಎಂದೇ ಕರೆಯುತ್ತಿದ್ದರು. ಹಳೆ ಸೀರೆ, ಧೋತರ ಏನು ಕೊಟ್ಟರೂ ಪದರು ಪದರಾಗಿ ಹಾಸಿ ಹೊಲಿದು ಕೊಡುತ್ತಿದ್ದಳು. ಒತ್ತೊತ್ತಾದ ಹೊಲಿಗೆ, ಎರಡೆಳೆ ದಾರ. ಆಕೆ ಹಾಕಿದ ಹೊಲಿಗೆ ಬಿಚ್ಚಿದ್ದನ್ನು ನಾನಂತೂ ನೋಡಿಲ್ಲ.

ಆಕೆಯ ಗಂಡನನ್ನು ಕಲಾಯಿ ಭಾಯಿ ಎನ್ನುತ್ತಿದ್ದೆವು. ಹಿತ್ತಾಳೆ ಪಾತ್ರೆಗಳಿಗೆ ತವರ ಬಳಿದು ಕೊಡುವ ಕೆಲಸ. ಸೈಕಲ್ಲಿಗೆ ಬೆಂಕಿ ಊದುವ ತಿದಿ ಕಟ್ಟಿಕೊಂಡು ಶಿಗ್ಲಿ, ಮಾಗಡಿ, ಶಿರಹಟ್ಟಿ ಎಲ್ಲ ಸುತ್ತುತ್ತಿದ್ದ. ಓಣಿಯ ಆ ತುದಿಯಲ್ಲಿ ಕೂಗಿದರೆ ಈ ತುದಿಯಲ್ಲಿ ಮಲಗಿದ ಕೂಸು ಏಳುತ್ತಿತ್ತು. ಸ್ಟೀಲು ಬಂದು ಕೆಲಸ ಕಡಿಮೆಯಾಯಿತು, ಬಾಯಿ ಮಾತ್ರ ಕಡಿಮೆಯಾಗಲಿಲ್ಲ. ಹೆಂಡತಿಯನ್ನು ಚೇಷ್ಟೆ ಮಾಡದಿದ್ದರೆ ಆತನಿಗೆ ಉಂಡ ಅನ್ನ ಕರಗುತ್ತಿರಲಿಲ್ಲ. ಆಪಾ ಸಿಟ್ಟು ತೋರಿಸುತ್ತಿದ್ದಳು, ಆದರೆ ಆತ ಊರಿಗೆ ಹೋದ ದಿನ ಮನೆ ಬಿಕೋ ಅನ್ನುತ್ತದೆ ಎಂದು ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದಳು.

ನಮ್ಮೂರು ಧಾರವಾಡ ಬಿಟ್ಟು ಗದಗ ಜಿಲ್ಲೆಗೆ ಸೇರಿದ ಹೊಸತರಲ್ಲಿ ಓಣಿಯವರೆಲ್ಲ ಕೂಡಿ ಬಸ್ಸು ಮಾಡಿಕೊಂಡು ಮೈಸೂರಿನ ದಸರೆಗೆ ಹೊರಟೆವು. ನಮ್ಮ ಮನೆಯವರು ಎಮ್ಮೆ ನೋಡಿಕೊಂಡು ಊರಲ್ಲೇ ಉಳಿದರು. ಆಪಾಳ ಮನೆಯ ಗೋಡೆಗೆ ದೀಪ ಹಚ್ಚಿದ ಅರಮನೆಯ ಕ್ಯಾಲೆಂಡರಿತ್ತು. ವರ್ಷ ಮುಗಿದು ಎಷ್ಟು ಕಾಲವಾದರೂ ಅದನ್ನು ತೆಗೆದಿರಲಿಲ್ಲ. ಆ ದೀಪ ಒಮ್ಮೆ ಕಣ್ಣಿಂದ ನೋಡಬೇಕು ಎಂಬುದೊಂದೇ ಆಕೆಯ ಆಸೆ. ಅಷ್ಟೇ ದೊಡ್ಡ ಹೆದರಿಕೆ ಕಿಸೆಗಳ್ಳರದು. ಹಿಂದಿನ ವರ್ಷ ಆಕೆಯ ತಮ್ಮ ಅಲ್ಲಿಗೆ ಹೋಗಿ, ಬ್ಲೇಡಿನಿಂದ ಸೀಳಿದ ಕಿಸೆ ಹೊತ್ತುಕೊಂಡು ಬಂದಿದ್ದ.

ಹೊರಡುವ ಮುಂಚೆ ಆಪಾ ಹೆಂಗಸರನ್ನೆಲ್ಲ ಕೂಡಿಸಿ ಬುದ್ಧಿ ಹೇಳಿದಳು. ಮೈಮೇಲೆ ಬಂಗಾರ ಬೇಡ. ಯಾರಾದರೂ ದಾರಿ ಕೇಳಿದರೆ ನಿಲ್ಲಬೇಡಿ. ಯಾರಾದರೂ ಎದುರಿಗೆ ದೊಪ್ಪನೆ ಬಿದ್ದರೆ ಹತ್ತಿರ ಹೋಗಬೇಡಿ, ಒಬ್ಬ ಬಿದ್ದಂತೆ ಮಾಡುತ್ತಾನೆ, ಇನ್ನೊಬ್ಬ ಕಿಸೆಗೆ ಕೈ ಹಾಕುತ್ತಾನೆ. ಆಮೇಲೆ ನಮ್ಮ ಒಳಲಂಗಗಳನ್ನು ತರಿಸಿಕೊಂಡು, ತಳದ ಮಡಿಕೆಯಲ್ಲಿ ನೋಟು ಇಟ್ಟು ಸುತ್ತಲೂ ಕೌದಿ ಹೊಲಿಗೆ ಹಾಕಿದಳು. ನನ್ನದಕ್ಕೂ ಹಾಕಿದಳು. ಗಂಡನ ಕಿಸೆ ಬರಿದು ಮಾಡಿ ಅದನ್ನೂ ತನ್ನ ಲಂಗದಲ್ಲೇ ಹೊಲಿದುಕೊಂಡಳು. ಆತನಿಗೆ ಬಿಟ್ಟದ್ದು ಬೀಡಿ, ಕಡ್ಡಿಪೆಟ್ಟಿಗೆ ಅಷ್ಟೇ.

ಕಲಾಯಿ ಭಾಯಿ ಬಾಗಿಲಲ್ಲಿ ಕೂತು ನೋಡುತ್ತಿದ್ದ. "ಏನ ರೊಕ್ಕಕ್ಕ ಗೋರಿ ಕಟ್ಟಾಕತ್ತಿಯೇನ? ಒಳಗ ಹೋದದ್ದು ಇನ್ನ ಕಯಾಮತ್ತಿನ ದಿನಾನ ಎದ್ದು ಬರೋದು" ಎಂದ.

ಆಪಾ ಸೂಜಿಯಿಂದ ಕಣ್ಣೆತ್ತದೆ, "ನಿಮ್ಮ ಬಾಯಿಗೂ ಎರಡು ಹೊಲಿಗಿ ಹಾಕೇನು, ಸುಮ್ಮನ ಕುಂಡ್ರಿ" ಎಂದಳು. ನಾವೆಲ್ಲ ನಕ್ಕೆವು. ಆತ ಎಲ್ಲರಿಗಿಂತ ಹೆಚ್ಚು ನಕ್ಕ.

ಮೈಸೂರಿನಲ್ಲಿ ಆ ಸಂಜೆ ಕಾಲಿಡಲು ಜಾಗವಿರಲಿಲ್ಲ. ಮೈಕಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು, ಕಿಸೆಗಳ್ಳರಿದ್ದಾರೆ, ಎಚ್ಚರ ಎಂದು. ನಮ್ಮ ಬಸ್ಸಿನವರು ಜಾಗ ಹಿಡಿಯಲು ಮುಂದೆ ಹೋದರು. ಕಲಾಯಿ ಭಾಯಿ ತಲೆ ಭಾರ ಎಂದು ಹಿಂದುಳಿದ. ಆಪಾ, ನಾನು ಆತನ ಜೊತೆ ಉಳಿದೆವು. ಆತ ಬೀಡಿ ಹಚ್ಚಲು ಕಡ್ಡಿ ಗೀರಿದ. ಕಡ್ಡಿ ಉರಿಯುತ್ತಲೇ ಇತ್ತು, ಕೈ ಮೇಲೆ ಬರಲಿಲ್ಲ. ಹಾಗೇ ಪಕ್ಕಕ್ಕೆ ವಾಲಿ ಬಿದ್ದ. ಬಾಯಿ ಒಂದು ಕಡೆಗೆ ಹೋಗಿತ್ತು.

ನಾನು ಜನರನ್ನು ಕರೆದೆ. ಸುತ್ತಲಿದ್ದವರೆಲ್ಲ ಒಂದೇ ಸಲ ಕಿಸೆಯ ಮೇಲೆ ಕೈಯಿಟ್ಟುಕೊಂಡು ಹಿಂದೆ ಸರಿದರು. ಒಬ್ಬ ತಾಯಿ ಮಕ್ಕಳನ್ನು ಎಳೆದುಕೊಂಡು ಹೋದಳು. ನಡುವೆ ನಾವು ಮೂವರೇ. ಅಷ್ಟು ಜನರಲ್ಲಿ ಅಷ್ಟು ಜಾಗ ಎಲ್ಲಿಂದ ಬಂತೋ… ಆಪಾ ಹೇಳಿಕೊಟ್ಟ ಬುದ್ಧಿ ಅವರಿಗೂ ಯಾರೋ ಹೇಳಿಕೊಟ್ಟಿದ್ದರು.

ಓಡಿಹೋಗಿ ಒಂದು ಆಟೋ ನಿಲ್ಲಿಸಿದೆ. ಆಟೋದವನೂ ಇಳಿಯಲಿಲ್ಲ. "ಮೊದ್ಲು ಕಾಸು ತೋರ್ಸಮ್ಮ, ಆಮೇಲೆ ಹತ್ಸು" ಎಂದ. ಕಾಸು ಎಲ್ಲಿದೆ ಎಂದು ಹೇಗೆ ಹೇಳಲಿ.

ಹೊರಗೆ ಬಂದರೆ ತಲೆಯ ಮೇಲಿನ ಸೆರಗು ಜಾರಗೊಡದವಳು ಆಪಾ. ಆ ದಿನ ರಸ್ತೆಯ ಮೇಲೆ ಕೂತು, ಎಲ್ಲರ ಎದುರಿಗೆ ಸೀರೆ ಸರಿಸಿ, ಲಂಗದ ಅಂಚನ್ನು ಬಾಯಿಗೆ ಹಾಕಿಕೊಂಡು ಹಲ್ಲಿನಿಂದ ಕಡಿಯತೊಡಗಿದಳು. ದಾರ ಜಗ್ಗಲಿಲ್ಲ. ಉಗುರಿನಿಂದ ಕಿತ್ತಳು. ಒಸಡಿನಿಂದ ರಕ್ತ ಬಂತು, ಹೊಲಿಗೆ ಬಿಚ್ಚಲಿಲ್ಲ. ನಾನು ನನ್ನದನ್ನು ಎಳೆದೆ, ಅದೂ ಅಷ್ಟೇ. ಚುರುಮುರಿ ಮಾರುವವನ ಹತ್ತಿರ ಚಾಕು ಕೇಳಿದೆ. ಗುರುತಿಲ್ಲದ ಹೆಂಗಸು ಗದ್ದಲದಲ್ಲಿ ಚಾಕು ಕೇಳಿದರೆ ಯಾರು ಕೊಡುತ್ತಾರೆ? ಅವನು ಕೊಡಲಿಲ್ಲ. ಕೈ ಮಾಡಿ ಆಪಾಳನ್ನು ತೋರಿಸಿದೆ. ಅವನು ನೋಡಿದ, ತಾನೇ ಚಾಕು ಹಿಡಿದು ಬಂದ, ನನ್ನ ಕೈಗೆ ಕೊಟ್ಟು ಆ ಕಡೆ ಮುಖ ಮಾಡಿ ನಿಂತ. ಹೊಲಿಗೆಯ ತಂಟೆಗೆ ಹೋಗದೆ ನಾನು ಆಪಾಳ ಲಂಗದ ಬಟ್ಟೆಯನ್ನೇ ಸೀಳಿದೆ.

ಅದೇ ಹೊತ್ತಿಗೆ ಅರಮನೆಯ ದೀಪ ಹತ್ತಿದವು. ಒಂದೊಂದಲ್ಲ, ಎಲ್ಲ ಒಟ್ಟಿಗೆ. ಜನರೆಲ್ಲ ಓ ಎಂದರು. ನಾನು ನೋಡಿದೆ, ಸುಳ್ಳು ಏಕೆ ಹೇಳಲಿ. ಆಪಾ ನೋಡಲಿಲ್ಲ. ಸೀಳಿದ ಬಟ್ಟೆಯಿಂದ ಆಕೆ ನೋಟು ಎಳೆಯುತ್ತಿದ್ದಳು.

ದವಾಖಾನೆಯಲ್ಲಿ ಬರೆದುಕೊಳ್ಳುವವನು ಯಾವ ಜಿಲ್ಲೆ ಎಂದು ಕೇಳಿದ. ಆಪಾ ಧಾರವಾಡ ಎಂದಳು, ಅಲ್ಲ ಗದಗ ಎಂದಳು. ಗದಗ ಧಾರವಾಡದಲ್ಲೇ ಇದೆಯಲ್ಲ ಎಂದ ಅವನು. ಆಪಾ ನನ್ನ ಮುಖ ನೋಡಿದಳು. ಏನಾದರೂ ಬರಕೋರಿ ಯಪ್ಪಾ ಎಂದೆ.

ಕಲಾಯಿ ಭಾಯಿ ಬದುಕಿದ. ಲಕ್ವ ಹೊಡೆದು ಬಲಗೈ, ಬಲಗಾಲು ಹೋದವು. ಬಾಯಿ ಪೂರ್ತಿ ಹೋಯಿತು. ಬೇಗ ತಂದಿದ್ದರೆ ಉಳಿಯುತ್ತಿತ್ತೇ ಎಂದು ಆಪಾ ಮೈಸೂರಿನಲ್ಲಿ ಕೇಳಿದಳು, ಗದಗಿನ ಡಾಕ್ಟರನ್ನೂ ಕೇಳಿದಳು. ಹೌದು ಎಂದು ಯಾರೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಬಾಯಿಗೆ ಹೊಲಿಗೆ ಹಾಕುತ್ತೇನೆ ಎಂದ ಆಕೆಯ ಮಾತನ್ನು ಓಣಿಯ ಹೆಂಗಸರೆಲ್ಲ ಕೇಳಿದ್ದೆವು. ಅದನ್ನು ಮತ್ತೆ ಯಾರೂ ಎತ್ತಲಿಲ್ಲ. ಎತ್ತದಿದ್ದರೆ ಆಕೆ ಮರೆಯುತ್ತಾಳೆಯೇ. ಕೌದಿ ಹೊಲಿಯುವುದನ್ನು ಬಿಟ್ಟಳು. ರೊಕ್ಕವನ್ನು ಸಂಚಿಯಲ್ಲಾಗಲಿ ಸೆರಗಿನ ಗಂಟಿನಲ್ಲಾಗಲಿ ಇಡಲಿಲ್ಲ, ಸಂತೆಗೆ ಹೋದರೆ ಕೈಯಲ್ಲೇ ಹಿಡಿದುಕೊಂಡು ಹೋಗುತ್ತಿದ್ದಳು.

ಆತ ಗೋಡೆಯ ಪಕ್ಕ ಕೌದಿಯ ಮೇಲೆ ಮಲಗಿರುತ್ತಿದ್ದ. ಆಪಾ ಹತ್ತಿರ ಬಂದಾಗಲೆಲ್ಲ ಎಡಗೈ ಚಾಚಿ ಆಕೆಯ ಸೀರೆಯ ಅಂಚು ಹಿಡಿದು ಜಗ್ಗುತ್ತಿದ್ದ. ಗಂಟಲಲ್ಲಿ ಏನೋ ಸದ್ದು ಮಾಡುತ್ತಿದ್ದ. ದಿನಾ ಅದೇ.

ಒಂದು ದಿನ ಆಪಾ ನನ್ನನ್ನು ಕರೆದು ಆತನ ಮುಂದೆ ಕೂಡಿಸಿದಳು. "ತಂಗೀ, ನೀ ಬರೋಬರಿ ನೋಡಿ ಹೇಳು. ಇವರು ಚಾಷ್ಟಿ ಮಾಡಿ ನಗಾಕತ್ತಾರೋ, ನನಗ ಬೈಯಾಕತ್ತಾರೋ?"

ನೋಡಿದೆ. ಬಾಯಿ ಒಂದು ಕಡೆ ಎಳೆದುಕೊಂಡ ಮುಖ ಯಾವಾಗಲೂ ನಕ್ಕಂತೆಯೇ ಇರುತ್ತದೆ. ಕಣ್ಣಲ್ಲಿ ನೀರಿತ್ತು, ಅದು ರೋಗದ ನೀರೂ ಇರಬಹುದು…

"ಗೊತ್ತಾಗವಲ್ದು ಆಪಾ" ಎಂದೆ. ನಗುತ್ತಾರೆ ಎಂದು ಹೇಳಬಹುದಿತ್ತು ಎಂದು ಈಗ ಯಾರಾದರೂ ಅನ್ನಬಹುದು. ಹೇಳಿದ್ದರೆ ಆಕೆ ನಂಬುತ್ತಿರಲಿಲ್ಲ. ಸೀರೆಯ ಅಂಚನ್ನು ಆತನ ಕೈಯಲ್ಲೇ ಬಿಟ್ಟು, ಆತ ಬಿಡುವ ತನಕ ಅಲ್ಲೇ ಕೂತಿರುತ್ತಿದ್ದಳು. ಅನ್ನ ಸೀದು ಹೋದರೂ ಏಳುತ್ತಿರಲಿಲ್ಲ.

ಆತ ಹೋದ ಮೇಲೆ ಆ ಕೌದಿಯನ್ನು ಒಗೆದು ನನಗೆ ಕೊಟ್ಟಳು. ಆಮೇಲೆ ಆಕೆಯೂ ಹೋದಳು. ಆತ ನಗುತ್ತಿದ್ದನೋ ಬೈಯುತ್ತಿದ್ದನೋ ಗೊತ್ತಾಗದೆಯೇ ಹೋದಳು.

ಬಿಸಿಲಿಗೆ ಹಾಕಿದ್ದು ಅದೇ ಕೌದಿ. ಬಿಚ್ಚಿ ಒರೆಸುವ ಬಟ್ಟೆ ಮಾಡೋಣ ಎಂದು ಸೊಸೆ ಕತ್ತರಿ ತಂದಳು. ಮುಟ್ಟಿದಲ್ಲೆಲ್ಲ ಬಟ್ಟೆ ಪುಡಿಯಾಗಿ ಉದುರಿತು. ಹೊಲಿಗೆ ಮಾತ್ರ ಬಲೆಯಂತೆ ಹಾಗೇ ನಿಂತಿತ್ತು. ಇದನ್ನ ಏನು ಮಾಡೂದರಿ ಎಂದಳು. ಮಡಚಿ ಒಳಗೆ ಇಡು ಎಂದೆ. ಬರೀ ದಾರವನ್ನು ಹೊದ್ದುಕೊಳ್ಳಲು ಬರುವುದಿಲ್ಲ, ಅದು ನನಗೂ ಗೊತ್ತು.