ಕತ್ತೆಯ ಹಿಂದಿನ ಮಾತು

ಗಂಡ ಮಾತಾಡುವುದಿಲ್ಲ ಎಂದು ಗೊಣಗುವ ಹೆಂಗಸರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಗಂಡ ದಿನವಿಡೀ ಮಾತಾಡುತ್ತಾನೆ, ಆದರೆ ನನ್ನ ಹತ್ತಿರವಲ್ಲ, ಕತ್ತೆಯ ಹತ್ತಿರ ಎಂದು ಗೊಣಗುವ ಭಾಗ್ಯ ಮಾತ್ರ ಕಿಟಕಿಯಮ್ಮನೊಬ್ಬಳದೇ.

ಆಕೆ ಹಳೆಯ ನೀರೆತ್ತುವ ರಾಟೆಯ ಮ್ಯೂಸಿಯಮ್ಮಿನಲ್ಲಿ ಟಿಕೆಟ್ ಕೊಡುವವಳು. ಊರವರು ಅವಳ ಮುಖವನ್ನು ಕಂಡದ್ದೇ ಕಿಟಕಿಯ ಚೌಕಟ್ಟಿನೊಳಗೆ, ಅದಕ್ಕೇ ಆ ಹೆಸರು. ಮ್ಯೂಸಿಯಂ ಎಂದರೆ ಅರಮನೆಯೇನಲ್ಲ. ದುಂಡನೆಯ ಒಂದು ಕಲ್ಲುಕಟ್ಟಡ, ನಡುವೆ ಆಳವಾದ ಬಾವಿ, ಬಾವಿಯ ಮೇಲೆ ಮರದ ದೊಡ್ಡ ಹಲ್ಲುಚಕ್ರ. ಚಕ್ರಕ್ಕೆ ಸಿಕ್ಕಿಸಿದ ಉದ್ದನೆಯ ತೊಲೆಗೆ ಕತ್ತೆಯನ್ನು ಕಟ್ಟಿ ಬಾವಿಯ ಸುತ್ತ ನಡೆಸಿದರೆ ಚಕ್ರ ತಿರುಗುತ್ತದೆ, ಕೆಳಗಿನ ಪಂಪು ನೀರನ್ನು ಮೇಲೆತ್ತಿ ಕಲ್ಲುತೊಟ್ಟಿಗೆ ಸುರಿಯುತ್ತದೆ. ಕರೆಂಟು ಬರುವ ಮುಂಚೆ ಊರೆಲ್ಲ ಕುಡಿದದ್ದು ಇದೇ ನೀರು. ಈಗ ಮನೆಯಲ್ಲಿ ನಲ್ಲಿ ತಿರುಗಿಸುವ ಜನ ಇಲ್ಲಿ ಟಿಕೆಟ್ ಕೊಂಡು ಕತ್ತೆ ತಿರುಗುವುದನ್ನು ನೋಡುತ್ತಾರೆ. ಇರಲಿ, ಯಾವ ಕಾಲಕ್ಕೆ ಯಾವುದು ತಮಾಷೆಯೋ ಯಾರು ಬಲ್ಲರು!

ಮದುವೆಗೆ ಮುಂಚೆ ಆಕೆ ಬಟ್ಟೆಯಂಗಡಿಯಲ್ಲಿದ್ದವಳು. ಬೇಡ ಎಂದು ಹೊರಟ ಗಿರಾಕಿಯನ್ನು ಬಾಗಿಲಿನಿಂದ ಮಾತಿನಲ್ಲೇ ವಾಪಸ್ಸು ಕರೆತಂದು ಸೀರೆ ಹೊರಿಸಿ ಕಳಿಸುತ್ತಿದ್ದ ಗಟ್ಟಿಗಿತ್ತಿ. ಅಂಥವಳಿಗೆ ಸಿಕ್ಕಿದ್ದು ರಾಟೆ ಹೊಡೆಯುವ, ಮೂಗ ಬಸವನಂಥ ಗಂಡ. "ನನ್ನ ಮಗ ಬಾಯಲ್ಲಿ ಬೆರಳಿಟ್ಟರೂ ಕಚ್ಚಲ್ಲ ಕಣಮ್ಮ" ಎಂದು ಅತ್ತೆ ಹೆಮ್ಮೆಯಿಂದ ಹೇಳಿದ್ದರು. "ಕಚ್ಚೋದು ಹಾಗಿರಲಿ ಅತ್ತೆ, ಬೆರಳಿಡೋಕೆ ಮೊದಲು ಬಾಯಿ ತೆಗೀಬೇಕಲ್ಲ" ಎಂದು ತಿಂಗಳೊಪ್ಪತ್ತಿನಲ್ಲೇ ಸೊಸೆ ಉತ್ತರ ಕೊಟ್ಟಳು. ಅತ್ತೆಯೂ ನಕ್ಕುಬಿಟ್ಟರು.

ಮನೆಯಲ್ಲಿ ಅವನದು ಹೂಂ, ಉಹೂಂ, ಎರಡೇ ಮಾತು. ರಾಟೆಗೆ ಕತ್ತೆ ಕಟ್ಟಿದ ಮೇಲೆ ಮಾತ್ರ ಮನುಷ್ಯನೇ ಬೇರೆ. ತಲೆ ಸುತ್ತದಿರಲೆಂದು ಕತ್ತೆಯ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ಕಣ್ಣು ಕಟ್ಟಿಸಿಕೊಂಡ ಪ್ರಾಣಿಗೆ ಹಿಂದೆ ಬರುವವನ ದನಿಯೇ ಆಸರೆ. ದನಿ ನಿಂತರೆ ಕೆಲಸ ಮುಗಿಯಿತೆಂದು ಅದೂ ನಿಲ್ಲುತ್ತದೆ. ಹಾಗಾಗಿ ರಾಟೆಯವನು ಸುತ್ತುವಷ್ಟು ಹೊತ್ತೂ ಮಾತಾಡಲೇಬೇಕು. ಬೇರೆಯವರು ಹಾಯ್ ಹಾಯ್ ಅಂದೋ ಹಾಡು ಹೇಳಿಯೋ ಸಾಗಿಸುತ್ತಿದ್ದರಂತೆ. ಇವನು ಮನೆ ವಾರ್ತೆ ಹೇಳುತ್ತಿದ್ದ.

ಅವನು ಕಿಟಕಿಯ ಮುಂದೆ ಹಾದುಹೋಗುವಾಗ ಅವಳಿಗೆ ಅಷ್ಟಿಷ್ಟು ಕೇಳಿಸುತ್ತಿತ್ತು. "...ಅಡುಗೆಮನೆ ಹೆಂಚು ಸರಿದಿದೆ ಕಣೇ, ಭಾನುವಾರ ಹತ್ತಿ ನೋಡ್ತೀನಿ..." ಅಷ್ಟರಲ್ಲಿ ಚಕ್ರದ ಆಚೆಗೆ ಹೋಗಿಬಿಡುತ್ತಿದ್ದ, ಕಿರ್ರೆನ್ನುವ ಸದ್ದಿನಲ್ಲಿ ಮುಂದಿನದು ಮುಳುಗುತ್ತಿತ್ತು. ಮತ್ತೆ ಬರುವಾಗ, "...ತಂಗಿ ಮಗಳಿಗೆ ಗಂಡು ಗೊತ್ತಾಯ್ತಂತೆ, ಒಳ್ಳೆ ಹುಡುಗನಂತೆ..." ನಾದಿನಿಯ ಮಗಳ ಮದುವೆಯ ಸುದ್ದಿ ಕತ್ತೆಗೆ ಮೊದಲು, ತನಗೆ ಆಮೇಲೆ! ಅವಳ ಮೈ ಉರಿದುಹೋಯಿತು. ಅಂದಿನಿಂದ ಆ ಹೆಣ್ಣು ಕತ್ತೆಗೆ ಸವತಿ ಎಂದು ಹೆಸರಿಟ್ಟಳು. "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತಾರೆ. ನಮ್ಮನೆ ಕಸ್ತೂರಿಯೆಲ್ಲ ಅದಕ್ಕೇ" ಎಂದು ಬಂದವರ ಮುಂದೆಲ್ಲ ನಗುತ್ತಾ ಹೇಳುತ್ತಿದ್ದಳು. ನಗುವಿನ ಹಿಂದೆ ನೋವಿತ್ತು. ಈ ಕಡೆಯೇ ಇಷ್ಟು ಹೇಳುವವನು ತನಗೆ ಕೇಳಿಸದ ಆ ಕಡೆ ಇನ್ನೇನೇನು ಹೇಳುತ್ತಾನೋ ಎಂಬ ಹುಳು ವರ್ಷಗಟ್ಟಲೆ ತಲೆ ಕೊರೆಯಿತು. ಕೇಳಲು ಬಿಗುಮಾನ. ಅವನ ಮಾತಿಗೆ ಕಿಟಕಿಯಿಂದ ಒಂದೇ ಒಂದು ಸಲವೂ ಉತ್ತರ ಕೊಡಲಿಲ್ಲ.

ಆಮೇಲೆ ಅವನ ಗಂಟಲಲ್ಲಿ ಗಡ್ಡೆ ಎದ್ದಿತು. ಡಾಕ್ಟರು ಗಡ್ಡೆ ತೆಗೆದು ಜೀವ ಉಳಿಸಿದರು, ದನಿ ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದವನು ಸೀದಾ ಕೊಟ್ಟಿಗೆಗೆ ಹೋಗಿ ಕತ್ತೆಯ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತ. ಕತ್ತೆ ಕಿವಿ ನಿಮಿರಿಸಿ ಕಾಯಿತು. ಅದನ್ನು ಕಂಡ ಕಿಟಕಿಯಮ್ಮನಿಗೆ ಮೊದಲ ಸಲ ಸವತಿಯ ಮೇಲೆ ಕನಿಕರ ಹುಟ್ಟಿತು.

ಮ್ಯೂಸಿಯಮ್ಮಿನ ಮೇಡಂ ಕೆಟ್ಟವರಲ್ಲ. ಬೇರೆ ಆಳನ್ನು ಕರೆಸಿದರು, ಕತ್ತೆ ಅವನ ಹಾಯ್ ಹಾಯ್‌ಗೆ ಕಿವಿಗೊಡಲಿಲ್ಲ. ರೇಡಿಯೋ ಕಟ್ಟಿ ನೋಡಿದರು. ಕತ್ತೆ ವಾರ್ತೆ ಮುಗಿಯುವ ತನಕ ನಿಂತಲ್ಲೇ ಆಲಿಸಿ, ಕೊನೆಗೆ ತನ್ನ ಅಭಿಪ್ರಾಯವನ್ನು ಅರಚಿ ತಿಳಿಸಿತು. "ಏನ್ ಮಾಡ್ಲಿ ಅಮ್ಮ? ಭಾನುವಾರದೊಳಗೆ ಇದು ನಡೀಲಿಲ್ಲ ಅಂದ್ರೆ ಚಕ್ರಕ್ಕೆ ಮೋಟಾರ್ ಕೂರಿಸ್ಬೇಕಾಗುತ್ತೆ" ಎಂದರು ಮೇಡಂ. ಇಟ್ಟಿಗೆ ಗೂಡಿನವನು ಕೊಳ್ಳುವ ಲೆಕ್ಕದಲ್ಲಿ ಆಗಲೇ ಬಂದು ಕತ್ತೆಯ ಹಲ್ಲು ನೋಡಿಕೊಂಡು ಹೋಗಿದ್ದ. ಅವನ ಗೂಡಿಗೆ ಹೋದ ಕತ್ತೆಗಳು ಬಹಳ ದಿನ ಬಾಳುವುದಿಲ್ಲ ಎಂಬುದು ಊರಿಗೇ ಗೊತ್ತು. ಅವತ್ತಿನಿಂದ ಗಂಡ ತಟ್ಟೆಯ ಮುಂದೆ ಕೂತು ಹಾಗೇ ಏಳತೊಡಗಿದ.

ಭಾನುವಾರ ಬೆಳಿಗ್ಗೆ ಕಿಟಕಿಯಮ್ಮ ಗಂಡನನ್ನು ತನ್ನ ಕುರ್ಚಿಯಲ್ಲಿ ಕೂರಿಸಿದಳು. "ಟಿಕೆಟ್ ನೀವು ಕೊಡಿ. ಅದಕ್ಕೆ ಬಾಯಿ ಬೇಕಾಗಿಲ್ಲ" ಎಂದು ಸೆರಗು ಸಿಕ್ಕಿಸಿಕೊಂಡು ರಾಟೆಗೆ ಇಳಿದಳು. ಅವನು ಹೇಳುತ್ತಿದ್ದುದೆಲ್ಲ ಅವಳಿಗೆ ಬಾಯಿಪಾಠ. "ಹೆಂಚು ಸರಿದಿದೆ ಕಣೇ..." ಎಂದು ಅವನ ರಾಗದಲ್ಲೇ ಶುರುಮಾಡಿದಳು. ಕತ್ತೆ ಕಿವಿ ಅಲ್ಲಾಡಿಸಿತು. ಹೆಜ್ಜೆ ಕಿತ್ತಿತು! ಚಕ್ರ ಕಿರ್ರೆಂದಿತು, ನೋಡಲು ಬಂದಿದ್ದವರು ಚಪ್ಪಾಳೆ ತಟ್ಟಿದರು.

ಅರ್ಧ ಸುತ್ತಿಗೆ ಅವಳ ಮಾತು ಮುಗಿಯಿತು. ಕಿಟಕಿಗೆ ಕೇಳಿಸುತ್ತಿದ್ದುದು ಅಷ್ಟೇ ತಾನೇ? ಕತ್ತೆ ಗಕ್ಕನೆ ನಿಂತಿತು. ಏನೇನೋ ಹೇಳಿದಳು, ಬೈದಳು, ರಮಿಸಿದಳು. ಜಪ್ಪಯ್ಯ ಅಂದರೂ ಅದು ಕದಲಲಿಲ್ಲ, ಆ ಕಡೆ ಅದಕ್ಕೆ ಕೇಳಿ ರೂಢಿಯಾದ ಮಾತೇ ಬೇರೆ. ಆ ಕಡೆಯ ಬಾಗಿಲಾಚೆ ಮ್ಯೂಸಿಯಮ್ಮಿನ ಮಾಲಿ ಎಂದಿನಂತೆ ಕುಂಡಗಳಿಗೆ ಮಣ್ಣು ತುಂಬುತ್ತಿದ್ದ. ಇಷ್ಟು ವರ್ಷ ಮಾಲಿ ಕೂತು ಕೆಲಸ ಮಾಡಿದ ಜಾಗ ಅದೇ.

"ನಿಂಗೆ ಕೇಳಿಸಿರ್ಬೇಕಲ್ಲಪ್ಪ, ಇಲ್ಲಿ ಬಂದಾಗ ಅವ್ರು ಏನ್ ಹೇಳ್ತಿದ್ರು?" ಎಂದಳು.

ಮಾಲಿ ಕೈಯ ಮಣ್ಣು ಕೊಡವಿದ. "ಹೇಳೋದೇನಿಲ್ಲ ಅಕ್ಕ, ಬರೀ ಕತ್ತೇನ ಕೇಳೋರು. 'ಈಗ ಅವಳ ಕಿಟಕಿ ಬರುತ್ತೆ, ಈ ಸಲ ಏನ್ ಹೇಳ್ಲಿ ಕಣೇ? ಹೆಂಚಿನ ವಿಷ್ಯ ಹೇಳ್ಲಾ, ಮದ್ವೆ ವಿಷ್ಯ ಹೇಳ್ಲಾ? ಯಾವ್ದಕ್ಕೆ ಅವ್ಳು ಮಾತಾಡ್ಬಹುದು?' ದಿನಾ ಇದೇ. ನಿಮ್ಗೇ ಹೇಳ್ತಿದ್ದಿದ್ದು ಅಂತ ನಿಮ್ಗೆ ಗೊತ್ತಿರ್ಲಿಲ್ವಾ?"

ಅವಳು ತೊಲೆ ಹಿಡಿದುಕೊಂಡು ನಿಂತಳು. ಇಷ್ಟು ವರ್ಷ ಅವನು ಮಾತಾಡಿದ್ದ, ಪ್ರತಿ ಸುತ್ತಿಗೂ ಮಾತಾಡಿದ್ದ. ಬಾಯಿ ಬಿಗಿದು ಕೂತವಳು ತಾನು. ಮಾತಿನ ಮಲ್ಲಿ ಎನಿಸಿಕೊಂಡವಳಿಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಉಕ್ಕಿಬಂದವು.

"ಏನ್ ಹೇಳ್ಲಿ ಕಣೇ?" ಎಂದಳು ಕತ್ತೆಗೆ. ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ. "ಈಗ ಅವ್ರ ಕಿಟಕಿ ಬರುತ್ತೆ. ಏನ್ ಹೇಳ್ಲೇ?"

ಕತ್ತೆ ನಡೆಯಿತು.

ತೊಟ್ಟಿಗೆ ನೀರು ಧಪಧಪ ಬೀಳುತ್ತಿತ್ತು. ಕಿಟಕಿ ಹತ್ತಿರವಾದಾಗ ಅವಳು ದನಿ ಏರಿಸಿದಳು. "ರೀ, ನಂಗೆ ಎಲ್ಲಾ ಕೇಳಿಸ್ತಿತ್ತು. ಕತ್ತೆಗೆ ಹೇಳ್ತೀರ ಅಂದ್ಕೊಂಡು ಸುಮ್ನಿದ್ದೆ. ಇನ್ಮೇಲೆ ಒಂದೊಂದಕ್ಕೂ ಉತ್ರ ಹೇಳ್ತೀನಿ, ಕೇಳಿಸ್ಕೊಳ್ಳಿ..." ಮುಂದಿನ ಮಾತು ಬಾಯಿಂದ ಹೊರಡುವಷ್ಟರಲ್ಲಿ ಕತ್ತೆ ಅವಳನ್ನು ಕಿಟಕಿ ದಾಟಿಸಿಕೊಂಡು ಹೋಯಿತು.

ಕಿಟಕಿಯಲ್ಲಿ ಒಬ್ಬ ಹಣ ಚಾಚಿ ಟಿಕೆಟ್ ಕೇಳುತ್ತಿದ್ದ. ಗಂಡ ಕಣ್ಣೊರೆಸಿಕೊಂಡು, ಸ್ವಲ್ಪ ತಡೆ ಎಂದು ಅವನಿಗೆ ಕೈ ತೋರಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ. ಅವಳು ಸುತ್ತಿಕೊಂಡು ಬರುವುದಿತ್ತು.